ಬಸ್ಸಲ್ಲಿ ಬಂದ ತವರು

...ಅದಕ್ಕೇ ಅಂದೆ ಕೂಸೆ, ಆ ತಾಮ್ರದ ಹಂಡೇನ ಗುಜರಿಗೆ ಹಾಕಬೇಡಿ ಅಂತ. ಗೀಸರ್ ಬಂತಲ್ಲ, ಹಂಡೆ ಯಾಕೆ ಅಂತಾಳೆ ನಿಮ್ಮವ್ವ. ಅವಳಿಗೆ ಮರ್ತೋಗಿರಬೇಕು, ನನಗೆ ಮರ್ತಿಲ್ಲ. ನೀನು ಅವಳ ಹೊಟ್ಟೇಲಿದ್ದಾಗಿನ ಮಾತು. ನಮ್ಮೂರು ಗೊತ್ತಲ್ಲ, ಕೊಳ್ಳೇಗಾಲ ದಾಟಿ ಇನ್ನೂ ಒಳಕ್ಕೆ. ಆಗ್ತಾನೆ ನಮ್ಮ ಕಡೇನ ಮೈಸೂರು ಜಿಲ್ಲೆಯಿಂದ ಬೇರೆ ಮಾಡಿದ್ರು. ಹೊಸ ಜಿಲ್ಲೆ ಆಯ್ತು, ಇನ್ನೆಲ್ಲಾ ಬಂದ್ಬುಡ್ತದೆ ಅಂತ ಊರೆಲ್ಲ ಬೆಲ್ಲ ಹಂಚಿದ್ವು. ಬೋರ್ಡಲ್ಲಿ ಹೆಸರು ಬದಲಾಯ್ತು, ಅಷ್ಟೆ. ಹೆರಿಗೆ ನೋವು ಬಂದ್ರೆ ಅದೇ ಎತ್ತಿನ ಗಾಡಿ, ಆಮೇಲೆ ಬೆಳಗಿನ ಬಸ್ಸು. ಆದ್ರೂ ಚೊಚ್ಚಲು ಹೆರಿಗೆ ತವರಲ್ಲೇ ಅಲ್ವಾ? ಹಿತ್ತಲ ಕೋಣೆಗೆ, ಅಲ್ಲ ಅಲ್ಲ, ನಡುಮನೆ ಪಕ್ಕದ ಕೋಣೆಗೆ ಸುಣ್ಣ ಬಳಿಸಿದ್ದೆ. ಬಾಣಂತಿ ನೀರಿಗೆ ಅಂತ ಸೌದೆ ಒಣಗಿಸಿದ್ದೆ. ತೊಲೆಗೆ ತೊಟ್ಟಿಲ ಕೊಂಡಿ ಹೊಡೆಸಿದ್ದೆ.

ನಿಮ್ಮವ್ವನ್ನ ಕರ್ಕೊಂಡು ಹೋಗಾಣ ಅಂತ ಇಲ್ಲಿ ಮೈಸೂರಿನ ಶ್ರೀರಾಂಪುರಕ್ಕೆ ಬಂದ್ರೆ ನಿಮ್ಮಪ್ಪನ ತಾಯಿ ಕಾಫಿ ಕೊಟ್ಟು ಮೆತ್ತಗೆ ಅಂದ್ರು, "ಬೇಜಾರ್ ಮಾಡ್ಕೋಬೇಡಿ ಬೀಗ್ತೇರೆ. ನಿಮ್ ಕಡೆ ಒಂದ್ ದೊಡ್ಡಾಸ್ಪತ್ರೆ ಇಲ್ಲ. ಎಂಗೆ ಕಳಿಸಾಣ?" ನಾನು ಬಿಡ್ತೀನಾ? "ನಾನು ಅಲ್ಲೇ ಹೆತ್ತಿಲ್ವಾ?" ಅಂದ್ಬುಟ್ಟೆ. "ಎಷ್ಟು ಉಳುದ್ವು ಬೀಗ್ತೇರೆ?" ಅಂದ್ರು. ಚುಚ್ಚಿ ಕೇಳಿದ್ದಲ್ಲ, ಪಾಪ, ಗೊತ್ತಿಲ್ದೆ ಕೇಳಿದ್ದು. ಹೆತ್ತಿದ್ದು ನಾಕು, ಉಳಿದಿದ್ದು ನಿಮ್ಮವ್ವ ಒಬ್ಳೇ. ಕಾಫಿ ಲೋಟ ಕೆಳಗಿಟ್ಟು ಬಸ್ ಹತ್ಬುಟ್ಟೆ.

ಎರಡು ದಿನ ಬಿಟ್ಟು ವಾಪಸ್ ಬಂದೆ, ಹಂಡೆ ಜೊತೆ, ಹಂಡೆ ತುಂಬ ಸೌದೆ ಚಕ್ಕೆ. ಮಗಳು ತವರಿಗೆ ಬರಂಗಿಲ್ಲ ಅಂದ್ರೆ ತವರೇ ಮಗಳ ಹತ್ರ ಹೋಗಲಿ ಅಂತ. "ಏನಮ್ಮ, ಮನೇನೇ ಹೊತ್ಕೊಂಡು ಹೊಂಟಿದ್ದೀಯ?" ಅಂದ ಕಂಡಕ್ಟರ್. "ಊಂ ಕಣಪ್ಪ, ಮನೇನೇ" ಅಂದೆ. ಚಾಮರಾಜಪುರಂ ವಠಾರದಲ್ಲಿ ಒಂದು ಕೋಣೆ ಹಿಡಿದು ಹಂಡೆ ಹೂಡಿದೆ. ಪಕ್ಕದ ಮನೆಯವರು ಹೊಗೆ ಹೊಗೆ ಅಂತ ಬಯ್ದ್ರು, ಬಯ್ಯಲಿ. ಶಾಸ್ತ್ರ ಬಿಡಲಿಲ್ಲ ನಾನು, ಮಡಿಲಕ್ಕಿ ತುಂಬಿಸಿಯೇ ನಿಮ್ಮವ್ವನ್ನ ಆಟೋದಲ್ಲಿ ಕರ್ಕೊಂಡು ಬಂದಿದ್ದು. ಒಳಗೆ ಕಾಲಿಟ್ಟೋಳು, "ಅವ್ವ, ನಮ್ಮನೆ ವಾಸ್ನೆ" ಅಂದ್ಲು. ಆಮೇಲೆ ಅತ್ಲು, ನಾನೂ ಅತ್ತೆ.

ನೋವು ಬಂದಾಗ ಆಸ್ಪತ್ರೇಲಿ ನೋಡಿದ್ರೆ ಕೂಸು ಅಡ್ಡ ಮಲಗಿತ್ತು, ನೀನೇ ಕಣೆ ಅದು. ಆಪರೇಷನ್ ಮಾಡಿದ್ರು. ಇನ್ನೊಂಚೂರು ತಡ ಆಗಿದ್ರೆ ಇಬ್ರೂ ಉಳೀತಿರಲಿಲ್ಲ ಅಂದ್ರು ಡಾಕ್ಟ್ರಮ್ಮ. ಬೀಗ್ತೇರು ನನ್ನ ಕೈ ಹಿಡ್ಕೊಂಡು ಕೂತ್ರು. ಅವರಂದಿದ್ದೇ ಸರಿಯಾಯ್ತು, ಅದೇ ನನಗೆ ಇವತ್ತಿಗೂ ಸಂಕಟ. ನನ್ನ ಮಿಕ್ಕ ಮೂರೂ ಈ ಊರಲ್ಲಿ ಹುಟ್ಟಿದ್ರೆ ಉಳೀತಿದ್ವೇನೋ... ಬುಡು. ಆ ಕೊಂಡಿ ಇನ್ನೂ ತೊಲೇಲೇ ಅದೆ, ಒಂದು ತೊಟ್ಟಿಲೂ ತೂಗಲಿಲ್ಲ. ನಮ್ಮ ಹಿತ್ತಲ ಬಿಸಿಲಲ್ಲಿ ಕಾಲ ಮೇಲೆ ನಿನ್ನ ಮಲಗಿಸ್ಕೊಂಡು ಎಣ್ಣೆ ತಿಕ್ಕೋ ಆಸೆ ಇತ್ತು ಕೂಸೆ, ಹಂಗೇ ಉಳಿದೋಯ್ತು. ಹೊಸ ಜಿಲ್ಲೆ ಅಂತ ಪಂಕ್ತೀಲಿ ಕೂರಿಸಿದ ಮೇಲೆ ನಮ್ಮೂರಂಥ ಕೊನೇ ಎಲೆಗೂ ಬಡಿಸಬೇಕು ಕಣೆ. ಏಳು, ಆ ಹಂಡೆ ಒಳಗಿಡು.