‘ಮೇಲಿನಂತೆ’ ಎಂದು ಬರೆದ ಕೈ

ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಅವರ ಪಕ್ಕದಲ್ಲಿರುವ ಮಗಳಿಗೆ ಮೊದಲು ಕೈಮುಗಿಯುತ್ತೇನೆ. ಆಮೇಲೆ ಮುಖ್ಯ ಇಂಜಿನಿಯರ್ ಸಾಹೇಬರಿಗೆ, ಬಾಯ್ಲರ್ ಮನೆಯ, ಟರ್ಬೈನ್ ಮನೆಯ, ಕಲ್ಲಿದ್ದಲು ಅಂಗಳದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ನಮಸ್ಕಾರ. ಹಿಂದೆ ನಿಂತವರು ಒಳಗೆ ಬನ್ನಿ. ಬೆಂಚು ಎಳೆದುಕೊಂಡು ಕೂತುಕೊಳ್ಳಿ. ನಮ್ಮದೇ ಕ್ಯಾಂಟೀನು, ಸಂಕೋಚ ಬೇಡ.

ಹನ್ನೊಂದು ದಿನ ಆಯಿತು. ನಮ್ಮ ಕಿವಿಯಣ್ಣ ಹೋಗಿ — ಹನ್ನೊಂದು ದಿನ.

ಮೂವತ್ತೊಂದು ವರ್ಷ ನಾನೂ ಅವನೂ ಒಂದೇ ಬಾಯ್ಲರಿಗೆ ಪಾಳಿ ಬದಲಾಯಿಸಿಕೊಂಡವರು. ನಾನು ಹೊರಗೆ ಬರುವ ಹೊತ್ತಿಗೆ ಅವನು ಒಳಗೆ. ಕಿವಿಯಣ್ಣ ಅನ್ನುವ ಹೆಸರು ಯಾಕೆ ಬಂತು ಅಂತ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಅವನ ಕೈಯಲ್ಲಿ ಯಾವಾಗಲೂ ಒಂದು ಮರದ ಕೋಲು. ಅದರ ಒಂದು ತುದಿ ಬಾಯ್ಲರಿನ ಗೋಡೆಗೆ, ಇನ್ನೊಂದು ತುದಿ ಹೀಗೆ — ಕಿವಿಗೆ. ಕಣ್ಣು ಮುಚ್ಚಿ ನಿಂತರೆ ಒಳಗಿನ ಕೊಳವೆಗಳ ಕ್ಷೇಮಸಮಾಚಾರವೆಲ್ಲ ಹೇಳುತ್ತಿದ್ದ. ಅತ್ತಿಗೆ ಒಮ್ಮೆ ನನ್ನೆದುರಿಗೇ ಹೇಳಿದ್ದರು: “ಬಾಯ್ಲರು ಪಿಸುಗುಟ್ಟಿದರೂ ಇವರಿಗೆ ಕೇಳುತ್ತೆ. ನಾನು ತರಕಾರಿ ತನ್ನಿ ಅಂತ ಕೂಗಿದ್ದು ಮಾತ್ರ ಕೇಳಲ್ಲ.” ಅದಕ್ಕವನು, “ನೀನು ಸಿಡಿಯೋ ಮುಂಚೆ ಸದ್ದು ಕೊಡಲ್ವಲ್ಲೇ, ಅದೇ ತೊಂದರೆ” ಅಂದಿದ್ದ.

ನಗಿ ಅತ್ತಿಗೆ, ಪರವಾಗಿಲ್ಲ. ಅವನೂ ನಗುತ್ತಿದ್ದ.

ಈ ಮಗಳು ಶಾಲೆಯಲ್ಲಿದ್ದಾಗ ಒಂದು ಮಧ್ಯಾಹ್ನ ಇದೇ ಹಾಲಿಗೆ ಬಂದಿದ್ದಳು, ಅಗೋ, ಆ ಕಿಟಕಿ ಪಕ್ಕದ ಮೇಜಿಗೆ. “ಅಪ್ಪಾ, ಕರೆಂಟನ್ನ ಹೇಗೆ ಮಾಡ್ತೀರಿ? ಟೀಚರ್ ಬರ್ಕೊಂಡು ಬಾ ಅಂದಿದಾರೆ.” ಇವನು ದೊಡ್ಡ ಲೋಟದೊಳಗೆ ಚಿಕ್ಕ ಲೋಟ ಇಟ್ಟು ಗಿರ್ರಂತ ತಿರುಗಿಸಿದ. “ಮಾಡೋದೇನಿಲ್ಲ ಕಂದಾ, ತಿರುಗಿಸೋದು. ಒಳಗೆ ಅಯಸ್ಕಾಂತ ತಿರುಗಬೇಕು, ಸುತ್ತ ತಾಮ್ರದ ಸುರುಳಿ ಇರಬೇಕು, ಆ ಸುರುಳೀಲಿ ಕರೆಂಟ್ ಹುಟ್ಟುತ್ತೆ. ತಿರುಗಿಸೋರು ಯಾರು ಅನ್ನೋದಷ್ಟೇ ಪ್ರಶ್ನೆ.”

ನದಿಯ ಮೇಲಿನ ಅಣೆಕಟ್ಟಿನಲ್ಲಿ ಬೀಳುವ ನೀರು ತಿರುಗಿಸುತ್ತದೆ. ಗುಡ್ಡದ ಮೇಲೆ ಗಾಳಿ. ಗ್ಯಾಸಿನ ಸ್ಥಾವರದಲ್ಲಿ ಉರಿದ ಬಿಸಿ ಅನಿಲ. ನಮ್ಮಲ್ಲಿ ಕಲ್ಲಿದ್ದಲು ಉರಿದು, ನೀರು ಹಬೆಯಾಗಿ, ಆ ಹಬೆ ಟರ್ಬೈನನ್ನು ತಿರುಗಿಸುತ್ತದೆ. “ಅಣುಸ್ಥಾವರ ಅಂತ ಅಷ್ಟು ದೊಡ್ಡ ಹೆಸರಿಟ್ಕೊಂಡಿದಾರಲ್ಲ, ಅವರೂ ಕೊನೆಗೆ ನೀರೇ ಕಾಯಿಸೋದು” ಅಂದ. ನೀರು, ಗಾಳಿ ಮತ್ತೆ ಬರುತ್ತವೆ. ಕಲ್ಲಿದ್ದಲು ಹಾಗಲ್ಲ, ಒಮ್ಮೆ ಉರಿದರೆ ಉಳಿಯೋದು ಬೂದಿ. ಅದನ್ನೂ ಬರೆಸಿದ. ಹುಡುಗಿ ಸುಮ್ಮನಿರಬೇಕಲ್ಲ — “ಬಿಸಿಲಿನ ಸೋಲಾರ್ ಹಲಗೇನ ಯಾರು ತಿರುಗಿಸ್ತಾರೆ?” ಇವನು ತಲೆ ಕೆರೆದುಕೊಂಡ. “ಅದೊಂದು ತಿರುಗಲ್ಲ ಕಂದಾ. ಬೆಳಕು ಬಿದ್ದರೆ ಹಲಗೆಯೊಳಗಿಂದಲೇ ಕರೆಂಟ್ ಹರಿಯುತ್ತೆ. ಒಂಚೂರೂ ಸದ್ದಿಲ್ಲ. ಸದ್ದಿಲ್ಲದ್ದನ್ನ ನಾನು ಹೇಗಮ್ಮ ನಂಬಲಿ?”

ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಬಂದವು ಹಲಗೆಗಳು. ನಮ್ಮ ಬೇಲಿಯಾಚೆ ಕಣ್ಣು ಹಾಯುವಷ್ಟು ದೂರ. ಬರಲಿ, ಒಳ್ಳೆಯದೇ. ಹೊಗೆಯಿಲ್ಲ, ಬೂದಿಯಿಲ್ಲ. ಸೂರ್ಯನ ಮೇಲೆ ದೂರು ಹೇಳಲಿಕ್ಕೆ ನಾನು ಇಲ್ಲಿ ನಿಂತಿಲ್ಲ. ಆದರೆ ನಮ್ಮ ಕೆಲಸ ತಲೆಕೆಳಗಾಯಿತು. ಮೊದಲು ಬಾಯ್ಲರಿಗೆ ಒಮ್ಮೆ ಬೆಂಕಿ ಕೊಟ್ಟರೆ ತಿಂಗಳುಗಟ್ಟಲೆ ಒಂದೇ ಸಮ. ಈಗ ಬಿಸಿಲೇರಿದರೆ ಹಲಗೆಗಳ ಕರೆಂಟೇ ಸಾಕು, ಕರೆಂಟು ಹಂಚುವ ಕೇಂದ್ರದಿಂದ ಫೋನು: “ಬೆಂಕಿ ಇಳಿಸಿ.” ಬಿಸಿಲಿಳಿದರೆ ಫೋನು: “ಏರಿಸಿ, ಬೇಗ ಏರಿಸಿ.” ದಿನಾ ಇಳಿಸು, ದಿನಾ ಏರಿಸು. ಕಬ್ಬಿಣ ಹಿಗ್ಗುತ್ತೆ, ಕುಗ್ಗುತ್ತೆ. ಒಂದು ತಂತಿ ತಗೊಂಡು ಹೀಗೆ ಬಗ್ಗಿಸಿ — ಹಾಗೆ ಬಗ್ಗಿಸಿ — ಮತ್ತೆ ಹೀಗೆ. ಎಷ್ಟನೆಯ ಸಲಕ್ಕೆ ಮುರಿಯುತ್ತೆ, ಹೇಳಿ? ಯಾರೂ ಹೇಳಲಾರರು. ಮುರಿಯುತ್ತೆ ಅನ್ನೋದು ಮಾತ್ರ ಗೊತ್ತು.

ನಮ್ಮ ಪಾಳಿ ಪುಸ್ತಕ ನಿಮಗೆಲ್ಲ ಗೊತ್ತು. ಒತ್ತಡ, ಶಾಖ, ನೀರಿನ ಮಟ್ಟ, ಇವುಗಳ ಕೊನೆಗೆ ‘ಸದ್ದು’ ಅಂತ ಒಂದು ಕಾಲಂ. ಅದು ಸರಕಾರದ್ದಲ್ಲ, ಕಂಪನಿಯದ್ದೂ ಅಲ್ಲ. ಕಿವಿಯಣ್ಣನೇ ಸ್ಕೇಲಿಟ್ಟು ಗೆರೆ ಎಳೆದದ್ದು. ಪಾಳಿ ಬಿಡುವವನು ಕೇಳಿ ಬರೆಯಬೇಕು, ಬರುವವನು ಓದಿ ತಾನೂ ಕೇಳಬೇಕು. ಒಂದೇ ಸಮ ಓಡುತ್ತಿದ್ದ ಕಾಲದಲ್ಲಿ ಅಲ್ಲಿ ಬರೆಯುವುದೇನು? ‘ಮೇಲಿನಂತೆ’ ಅಂತ ಬರೆಯುತ್ತಿದ್ದೆವು. ಅದು ಆಗ ಸತ್ಯವೇ. ನಿನ್ನೆಯ ಸದ್ದೇ ಇವತ್ತೂ ಇರುತ್ತಿತ್ತು.

ಕಾಲ ಬದಲಾಯಿತು. ನಮ್ಮ ಕೈ ಬದಲಾಗಲಿಲ್ಲ.

ಅತ್ತಿಗೆ — ಈಗ ಹೇಳುವುದನ್ನು ನಿಮ್ಮ ಮನೆಗೆ ಬಂದು ಹೇಳಬೇಕಿತ್ತು. ಎರಡು ಸಲ ಬಂದೆ. ಎರಡು ಸಲವೂ ನೀವೇ ನನಗೆ ನೀರು ಕೊಟ್ಟು ಸಮಾಧಾನ ಮಾಡಿ ಕಳಿಸಿದಿರಿ. ಹೇಳಲಾಗಲಿಲ್ಲ.

ಆ ದಿನ ಬೆಳಗಿನ ಪಾಳಿ ನನ್ನದು. ಒಂದೂವರೆ ಹೊತ್ತಿಗೆ ಒಂದನೇ ಬಾಯ್ಲರಿನ ಪಡುಗಡೆಯ ಮೂಲೆಯಲ್ಲಿ ಒಂದು ಸದ್ದು ಕೇಳಿದೆ. ಸಣ್ಣದು. ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡ ಹಾಗೆ — ಸ್‌ಸ್‌ಸ್ — ಇಷ್ಟೇ. ಕೊಳವೆಗಳ ಮಸಿ ಊದಿ ತೆಗೆಯಲು ಹಬೆ ಬಿಡುತ್ತೇವಲ್ಲ, ಅದೇ ಇರಬೇಕು ಅಂದುಕೊಂಡೆ. ಅಂದುಕೊಂಡೆ, ಹೋಗಿ ನೋಡಲಿಲ್ಲ. ಮೊಮ್ಮಗಳನ್ನು ಶಾಲೆಯಿಂದ ಕರೆತರುವ ಹೊತ್ತಾಗಿತ್ತು. ಪುಸ್ತಕ ಎಳೆದುಕೊಂಡು, ‘ಸದ್ದು’ ಕಾಲಂನಲ್ಲಿ, ಈ ಕೈಯಿಂದ ಬರೆದೆ: ಮೇಲಿನಂತೆ.

ಎರಡು ಗಂಟೆಗೆ ಅವನು ಬಂದ. “ಏನೋ ಮುದುಕಾ, ಎಲ್ಲ ಸರಿಯಾ?” ಅಂದ. “ನೋಡ್ಕೋ, ಬರೆದಿದೀನಿ” ಅಂದೆ. ಅವನು ಓದಿದ. ಕೋಲು ಎತ್ತಿಕೊಂಡ, ಅಷ್ಟರಲ್ಲಿ ಫೋನು ಬಂತು. ಮೋಡ ಕವಿದಿತ್ತು. ಬೇಲಿಯಾಚೆಯ ಹಲಗೆಗಳು ಮಂಕಾಗಿದ್ದವು. “ಏರಿಸಿ, ಬೇಗ.” ಅವನು ಕೋಲನ್ನು ಮತ್ತೆ ಗೋಡೆಗೆ ಒರಗಿಸಿದ. ಯಾಕೆ? ಪುಸ್ತಕದಲ್ಲಿ ನಾನು ಬರೆದಿದ್ದೆನಲ್ಲ. ಜಗತ್ತಿನಲ್ಲಿ ತನ್ನ ಕಿವಿಯೊಂದನ್ನು ಬಿಟ್ಟು ಯಾವುದನ್ನೂ ನಂಬದ ಮನುಷ್ಯ — ನನ್ನ ಅಕ್ಷರ ನಂಬಿದ.

ಕೆಲಸ ಮುಗಿಸಿ ಕೋಲು ಹಿಡಿದು ಸುತ್ತು ಹೊರಟಾಗ ಸಂಜೆ ಐದೂ ಇಪ್ಪತ್ತು. ಪಡುಗಡೆಯ ಮೂಲೆ ತಲುಪಿದ, ಬಿರುಕು ಬಿಟ್ಟಿದ್ದ ಕೊಳವೆ ಸಿಡಿಯಿತು. ಆ ಒತ್ತಡದ ಹಬೆ ಕಣ್ಣಿಗೆ ಕಾಣುವುದಿಲ್ಲ ಅಂತ ನಿಮಗೆ ಗೊತ್ತು. ಕಾಣುವ ಬಿಳಿ ಹೊಗೆ ಆಮೇಲೆ, ಎಲ್ಲ ಮುಗಿದ ಮೇಲೆ. ಇನ್ನು ಮುಂದಿನದನ್ನು ಹೇಳುವುದಿಲ್ಲ. ಮಗಳಿದ್ದಾಳೆ.

ತನಿಖೆಯವರ ಕಾಗದದಲ್ಲಿ ‘ಕೊಳವೆ ಸವೆತ’ ಅಂತಿದೆ. ಸುಳ್ಳಲ್ಲ. ಆದರೆ ಅರ್ಧ. ಉಳಿದರ್ಧ ನಾನು. ಸಾಹೇಬರಿಗೆ ಬೆಳಿಗ್ಗೆ ಬರೆದುಕೊಟ್ಟಿದ್ದೇನೆ. ಅದಕ್ಕೆ ಏನು ಶಿಕ್ಷೆಯೋ, ಆಗಲಿ.

ಕೂತುಕೊಳ್ಳಿ, ಕೂತುಕೊಳ್ಳಿ. ನನ್ನನ್ನು ಸಮಾಧಾನ ಮಾಡಲಿಕ್ಕೆ ಯಾರೂ ಏಳಬೇಡಿ. ಮಾತು ಮುಗಿದಿಲ್ಲ. ನಾನು ಇಲ್ಲಿ ನಿಂತದ್ದು ಬರೀ ಸತ್ತವನಿಗಾಗಿ ಅಲ್ಲ.

ಕಿವಿಯಣ್ಣನ ಒಡಹುಟ್ಟಿದ ತಮ್ಮ ಈ ಸಭೆಯಲ್ಲಿ ಇಲ್ಲ, ಗಮನಿಸಿದಿರಾ? ಪಾಳಿಯಲ್ಲಿದ್ದಾನೆ. ಎರಡನೇ ಬಾಯ್ಲರಿನ ಮೇಲೆ. ಬದಲಿಗೆ ಜನ ಇಲ್ಲ ಅಂತ ರಜೆ ಸಿಗಲಿಲ್ಲ. ಇವತ್ತು ನಾನು ಇಲ್ಲಿಗೆ ಬರುವ ಮುಂಚೆ ಅಲ್ಲಿಗೆ ಹೋಗಿದ್ದೆ. ಎರಡನೇ ಬಾಯ್ಲರು ಒಂದನೆಯದರ ಜೊತೆಗೇ ಹುಟ್ಟಿದ್ದು. ಅದೇ ಕಬ್ಬಿಣ, ಅದೇ ಏರಿಳಿತ. ಪುಸ್ತಕ ತೆಗೆದು ನೋಡಿದೆ. ಒಬ್ಬ ಮನುಷ್ಯ ಸತ್ತ ಮೇಲಿನ ಹನ್ನೊಂದು ದಿನ, ದಿನಕ್ಕೆ ಮೂರು ಪಾಳಿ. ‘ಸದ್ದು’ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ — ಮೇಲಿನಂತೆ, ಮೇಲಿನಂತೆ, ಮೇಲಿನಂತೆ.

ಯಾರು ಬರೆದದ್ದು ಅಂತ ಕೇಳುವುದಿಲ್ಲ. ತಲೆ ತಗ್ಗಿಸಬೇಡಿ. ನಾನೇ ಕಲಿಸಿದ್ದು ನಿಮಗೆ.

ಆಮೇಲೆ ಒಂದು ಕೋಲು ತಗೊಂಡು ಕಿವಿಗಿಟ್ಟೆ. ಪಡುಗಡೆ, ನೆಲದಿಂದ ಎರಡಾಳು ಎತ್ತರ. ಸ್‌ಸ್‌ಸ್. ಮಸಿ ಊದುವ ಹಬೆಯನ್ನು ನಿಲ್ಲಿಸಲು ಹೇಳಿದೆ, ನಿಲ್ಲಿಸಿದರು. ಸದ್ದು ನಿಲ್ಲಲಿಲ್ಲ. ತಮ್ಮನ ಕಿವಿಗೂ ಇಟ್ಟೆ. ಅವನು ನನ್ನ ಮುಖ ನೋಡಿದ. “ಅಣ್ಣಂದೂ ಹೀಗೇ ಇತ್ತಾ?” ಅಂದ. “ಇತ್ತು ಕಣೋ” ಅಂದೆ. “ನೀವು ಹೋಗಿ, ಸಭೆಗೆ ಹೊತ್ತಾಯಿತು. ಅತ್ತಿಗೆಗೆ ಹೇಳಬೇಡಿ” ಅಂದ.

ಹೇಳಿಬಿಟ್ಟೆ. ಕ್ಷಮಿಸು ತಮ್ಮಾ.

ಸಾಹೇಬರೇ, ಬಾಗಿಲಲ್ಲಿ ನಿಮಗೆ ಹೇಳಿದೆ. “ಈ ಸಂಜೆ ದಾಟಲಿ, ನಾಳೆ ಬೆಳಿಗ್ಗೆ ನೋಡೋಣ” ಅಂದಿರಿ. ನೀವು ಕೆಟ್ಟವರಲ್ಲ, ನನಗೆ ಗೊತ್ತು. ಒಂದನೆಯದು ಹೋಗಿದೆ, ಎರಡನೆಯದನ್ನೂ ನಿಲ್ಲಿಸಿದರೆ ಬಿಸಿಲಿಳಿದ ಮೇಲೆ ಊರಿಗೆ ಕೊಡುವುದೇನು ಅನ್ನುವ ಭಯ ನಿಮಗೆ. ಅಣೆಕಟ್ಟಿನಲ್ಲಿ ನೀರಿದೆ. ಬೇಸಿಗೆಗೆ ಅಂತ ಕೂಡಿಟ್ಟಿದ್ದಾರೆ, ಕೇಳಿದರೆ ಕೊಡುತ್ತಾರೆ. ಅಲ್ಲಿ ಗೇಟು ಎತ್ತಿದರೆ ನಿಮಿಷಗಳಲ್ಲಿ ತಿರುಗುತ್ತದೆ. ಅದೂ ಸಾಲದಿದ್ದರೆ ಅರ್ಧ ಊರು ಎರಡು ಗಂಟೆ ಕತ್ತಲಲ್ಲಿ ಕೂರಲಿ. ಬೈಯಲಿ ನಮ್ಮನ್ನು. ಬೈಸಿಕೊಂಡು ಸತ್ತವರಿಲ್ಲ.

ಈಗ ಗಂಟೆ ಐದಕ್ಕೆ ಐದು ನಿಮಿಷ. ಕಿಟಕಿಯ ಬಿಸಿಲು ಗೋಡೆ ಹತ್ತಿದೆ, ನೋಡಿ. ಇನ್ನು ಸ್ವಲ್ಪ ಹೊತ್ತಿಗೆ ಫೋನು ಬರುತ್ತದೆ — ಏರಿಸಿ, ಬೇಗ ಏರಿಸಿ. ಆ ಹುಡುಗ ಏರಿಸುತ್ತಾನೆ. ಅವನು ಕೆಲಸಗಾರ, ಹೇಳಿದ್ದು ಮಾಡುತ್ತಾನೆ.

ಬೇಡ ಅನ್ನುವ ಅಧಿಕಾರ ಈ ಹಾಲಿನಲ್ಲಿ ಒಬ್ಬರಿಗೆ ಮಾತ್ರ ಇದೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಕಿವಿಯಣ್ಣನ ನೆನಪಿನಲ್ಲಿ ಮೌನವಾಗಿರೋಣ. ಅತ್ತಿಗೆ, ನೀವು ಕೂತೇ ಇರಿ. ಸಾಹೇಬರೇ, ನೀವು ನಮ್ಮ ಜೊತೆ ನಿಲ್ಲುವುದು ಬೇಡ. ಫೋನು ಹೊರಗಡೆ ಜಗಲಿಯಲ್ಲಿದೆ. ಹೋಗಿ ಮಾತಾಡಿ ಬನ್ನಿ.

ಒಂದು ನಿಮಿಷ ಅಂತ ನಾನು ಹೇಳುವುದಿಲ್ಲ. ಅವರು ಬೆಂಕಿ ಆರಿಸಲು ಹೇಳಿ ಬರುವವರೆಗೆ ಯಾರೂ ಕೂರಬೇಡಿ.