ಮೇಣದಾಗಿನ ಕೊಟ್ರವ್ವ

...ಅಲ್ಲಲ್ಲ, ಆ ಕುರ್ಚಿ ಬ್ಯಾಡ. ಇಲ್ಲಿ ಕೂಡು, ಕಿಟಕಿ ಕಡೆ ಮುಖ ಮಾಡಿ. ಬೆಳಕು ಬೀಳ್ಲಿ ಮುಖದ ಮ್ಯಾಲೆ. ಯಾಕ ನಗ್ತಿ? ಫೋಟೋ ತೆಗೆಯಲ್ಲವ್ವ, ಹೆಣ್ಣು ನೋಡಾಕೂ ಯಾರೂ ಬಂದಿಲ್ಲ. ಇದು ಈ ಮನೆ ರೂಢಿ. ನನ್ನ ಹತ್ರ ಮೇಣದ ಸಿಲಿಂಡರಿನ ಹಾಡು ಕೇಳಾಕೆ ಯಾರೇ ಬರ್ಲಿ, ಕೇಳೋರ ಮುಖ ನಂಗೆ ಕಾಣಬೇಕು. ಮುಖ ನೋಡಿದ್ರೆ ಸಾಕು, ಹಾಡು ಹೆಂಗೆ ಬರ್ತಾ ಐತೆ ಅಂತ ಗೊತ್ತಾಗ್ತೈತೆ.

ಹಾಂ, ಈಗ ಹೇಳು. ನಿಧಾನ ಹೇಳವ್ವ ನೇತ್ರಾವತಿ, ನಿಧಾನ ಹೇಳಿದ್ರೆ ಮಾತಿಗೆ ತೂಕ ಬರ್ತೈತೆ. ಕೊಟ್ರವ್ವ ಅಂದ್ರೆ... ನಿಮ್ಮ ಅಜ್ಜಿಯ ತಾಯಿ. ಸರಿ. ಇದೇ ಹರಿಹರದಾಗೆ, ರೈಲ್ವೆ ಸಾಹೇಬನ ಬಂಗ್ಲೆಗೆ ಹಿಟ್ಟು ಬೀಸಾಕೆ ಹೋಗ್ತಿದ್ಲು. ಬೀಸೋವಾಗ ಹಾಡ್ತಿದ್ಲು. ಆ ಸಾಹೇಬನೂ ನನ್ನಂಗೇ, ಈ ಫೋನೋಗ್ರಾಫ್ ಪೆಟ್ಟಿಗೆ ಹುಚ್ಚಿನೋನು. ಆಕಿನ ಅದ್ರ ತುತ್ತೂರಿ ಮುಂದೆ ಕೂಡ್ಸಿ ಮೇಣದ ಮ್ಯಾಲೆ ಹಾಡು ಹಿಡಿದ. ಊರು ಬಿಡುವಾಗ ಈ ಸಿಲಿಂಡರ್ ಆಕಿ ಕೈಗೆ ಕೊಟ್ಟು, ನುಡಿಸೋ ಪೆಟ್ಟಿಗೆ ತಾನೇ ಹೊತ್ಕಂಡು ಹೋದ. ಬಾವಿ ಕೊಟ್ಟು ಹಗ್ಗ ಒಯ್ದಂಗೆ. ದೊಡ್ಡೋರ ದಾನ ಹಂಗೇ ಇರ್ತೈತೆ ಬಿಡು.

ಆಮ್ಯಾಲೆ ಕೊಟ್ರವ್ವ ನಿಮ್ಮಜ್ಜಿನ ಹೆತ್ತು, ಬಾಣಂತನದಾಗೇ ಹೋಗಿಬಿಟ್ಲು... ಅಯ್ಯೋ ಪಾಪ. ಅಂದ್ರೆ ಉಚ್ಚೆಂಗೆಮ್ಮ ತೊಂಬತ್ತು ವರ್ಷ ಆದ್ರೂ ತಾಯಿ ದನಿ ಹೆಂಗಿತ್ತು ಅಂತ ಕೇಳೇ ಇಲ್ಲ. ಸಿಲಿಂಡರಿನ ಡಬ್ಬಿ ಮಾತ್ರ ದೇವ್ರ ಗೂಡಿನಾಗೆ ಇಟ್ಟು ಕುಂಕುಮ ಹಚ್ಚಿಕ್ಯಂತ ಬಂದಾರೆ. ಈಗ ಗುತ್ತೂರಾಗೆ ಹಾಸಿಗೆ ಹಿಡಿದಾರೆ. ನೀನು ಇಲ್ಲಿ ಹಾಡನ್ನ ಮೊಬೈಲಿಗೆ ತುಂಬ್ಕಂಡು ಹೋಗಿ ಅವ್ರ ಕಿವಿಗೆ ಹಿಡಿಬೇಕು. ಇಷ್ಟೇ ತಾನೆ? ಇಷ್ಟೇ ಅಂದೆ ನೋಡು. ಇದಕ್ಕಿಂತ ದೊಡ್ಡದು ನನ್ನ ಹತ್ರ ಯಾರೂ ಕೇಳಿಲ್ಲವ್ವ. ಬರೋರೆಲ್ಲ ಸೆಲ್ಫಿಗೆ ಬರ್ತಾರೆ.

ತೆಗಿ ಡಬ್ಬಿ. ಶಾಮನೂರಿಂದ ಬಸ್ಸಿನಾಗೆ ತೊಡೆ ಮ್ಯಾಲೇ ಇಟ್ಕಂಡು ಬಂದ್ಯಾ? ಒಳ್ಳೇದಾತು. ಮುಟ್ಟಬ್ಯಾಡ, ಮ್ಯಾಲೆ ಮುಟ್ಟಬ್ಯಾಡ! ಬೆವರು ತಾಗಿದ್ರೆ ಹಾಡು ಹೋತು. ಎರಡು ಬೆರಳು ಹಿಂಗೆ ಒಳಗೆ ತೂರ್ಸಿ, ಅಗಲ ಮಾಡಿ, ಬಳೆ ಎತ್ತಿದಂಗೆ ಎತ್ತಬೇಕು. ...ಆಹಾ. ಕಂದು ಮೇಣ. ಬೂಷ್ಟು ಹಿಡಿದೈತೆ, ಆದ್ರೂ ಹಾಡಿನ ಗೆರೆ ಉಳಿದಾವೆ. ನೇರಾನೇರ ಹೇಳ್ತೀನಿ ಕೇಳು, ಇದು ಒಂದು ಸಲ ನುಡಿದ್ರೆ ನಿನ್ನ ಪುಣ್ಯ. ಎರಡನೇ ಸಲಕ್ಕೆ ಉಳಿಯಾದು ಅನುಮಾನ. ಸೂಜಿ ಹೋದಂಗೆಲ್ಲ ಮೇಣ ಸವೀತೈತೆ. ನಾವು ಕೇಳ್ತಾ ಕೇಳ್ತಾನೇ ಅಳಿಸ್ತಿರ್ತೀವಿ.

ಏನಂದಿ? ಬಕ್ಕೇಶನ ಹತ್ರ? ಇಂಥಾವೇ ನುಡಿಸೋ ದಾವಣಗೆರೆ ಬಕ್ಕೇಶ? ಹೋಗವ್ವ, ಬ್ಯಾಡ ಅನ್ನಲ್ಲ. ಅವನ ಹತ್ರ ಕಂಪ್ಯೂಟ್ರು ಐತೆ, ವೈರು ಐತೆ, ಸೂಜಿ ಬದ್ಲು ಇನ್ನೇನೋ ಐತಂತೆ. ಇಲ್ಲದ್ದು ಏನು ಗೊತ್ತಾ? ಕಿವಿ. ಹಾಡನ್ನ ಪರದೆ ಮ್ಯಾಲೆ ಗೆರೆ ಮಾಡಿ ನೋಡ್ತಾನಂತೆ ಆ ಮನುಷ್ಯ. ಹಾಡು ನೋಡೋದಾ? ನನಗೆ ದಾವಣಗೆರೆನಾಗೇ ಶಾಲು ಹೊದಿಸಿ 'ನಾದಪ್ರೇಮಿ' ಅಂತ ಬಿರುದು ಕೊಟ್ಟಾರೆ, ಅಲ್ಲಿ ಗೋಡೆ ಮ್ಯಾಲೆ ತೂಗು ಹಾಕೀನಿ ನೋಡು, ಕೆಂಚವೀರಪ್ಪ ಅಂತ ದೊಡ್ಡದಾಗಿ ಬರ್ದಾರೆ. ಈಗ ಸಭೆಗಳಿಗೆ ಹೋಗಲ್ಲ. ಎಲ್ಲಾರೂ ಮೈಕು ಬಾಯಿಗೇ ಒತ್ಕಂಡು ಮಾತಾಡ್ತಾರೆ, ಒಬ್ಬರ ಮಾರಿನೂ ನೆಟ್ಟಗೆ ಕಾಣಲ್ಲ. ಬ್ಯಾಸರ.

ಬಕ್ಕೇಶ ಫೋನ್ ಮಾಡ್ತಾನೆ ಆಗಾಗ. ನಾನು ಎತ್ತಲ್ಲ. ಮಾತಾಡೋ ಮನಸ್ಸಿದ್ರೆ ಮನೆಗೆ ಬರ್ಲಿ, ಎದುರಿಗೆ ಕೂತು ಮಾತಾಡ್ಲಿ.

ಏನು, ಒಳಗೆ ಕೈ ತೋರಿಸ್ತಿ? ...ಕುಕ್ಕರ್? ಹಾಂ, ಕೂಗ್ತು, ಕೂಗ್ತು, ನಂಗೂ ಕೇಳ್ತು. ಬೇಳೆ ಚೆನ್ನಾಗಿ ಬೇಯ್ಲಿ ಅಂತ ನಾನೇ ಬಿಟ್ಟೀನಿ. ...ಅಷ್ಟೊಂದು ಸಲ ಕೂಗ್ತಾ? ಇರು, ಆರಿಸಿ ಬರ್ತೀನಿ.

...ಆತು. ಬೇಳೆ ಸ್ವಲ್ಪ ತಳ ಹಿಡಿದೈತೆ, ಅದೇ ರುಚಿ. ನೀನು ಹಂಗೆ ನೋಡಬ್ಯಾಡ. ನನ್ನ ಕಿವಿ ಮ್ಯಾಲೆ ಅನುಮಾನನಾ? ಈಗಷ್ಟೇ ರೈಲು ಹೋತು, ಗೊತ್ತಾತಲ್ಲ ನಂಗೆ? ನೀರಿನ ಲೋಟ ನಡುಗ್ತು. ಪಕ್ಕದ ಮನೆ ಭರಮಣ್ಣ ನನ್ನ ಜೊತೆಗೇ ಕಾರ್ಖಾನೆನಾಗೆ ಲೇತ್ ಹೊಡ್ದೋನು. ಈಗ ಕಿವಿಗೆ ಮಿಷನ್ ಹಾಕ್ಕಂಡಾನೆ. ಹಾಕ್ಕಂಡ ದಿನದಿಂದ ಹೆಂಡ್ತಿ ಅನ್ನೋದೆಲ್ಲ ಪೂರಾ ಕೇಳ್ಸ್ತೈತಂತೆ, ಸೊರಗಿ ಹೋಗ್ಯಾನೆ. ನಂಗೂ ಹಾಕ್ಕೋ ಅಂತಾನೆ. ನಾದಪ್ರೇಮಿ ಕಿವಿಗೆ ಮಿಷನ್ನಾ? ನಾಳೆ ಯಾರು ಬರ್ತಾರೆ ಈ ಮನೆಗೆ ಸಿಲಿಂಡರ್ ಹಿಡ್ಕಂಡು? ನೀನು ಬರ್ತಿದ್ಯಾ?

ಇಲ್ಲಲ್ಲ. ಅದೇ ಮತ್ತೆ.

ಬಾ, ಈಗ ಕೆಲ್ಸ. ಪೆಟ್ಟಿಗೆಗೆ ಕೀ ಕೊಟ್ಟೀನಿ. ಸೂಜಿ ಇರೋ ಈ ಗುಂಡನ್ನ ನಾವು ತಲೆ ಅಂತೀವಿ. ಇದು ಹಗುರ ತಲೆ, ಕಂದು ಮೇಣಕ್ಕೆ ಇದೇ ಇಡಬೇಕು ಅಂತ ತಿಳಿದೋರು ಅಂತಾರೆ. ಇದು ಭಾರದ ತಲೆ, ಗಟ್ಟಿ ಸಿಲಿಂಡರಿಗೆ. ನಾನೂ ಮೊದ್ಲು ಹಗುರದ್ದೇ ಇಡ್ತೀನಿ. ಬೆರಳ ತುದಿ ತುತ್ತೂರಿ ಅಂಚಿಗೆ ಮುಟ್ಟಿಸಿರ್ತೀನಿ, ನಾಡಿ ಹಿಡಿದಂಗೆ. ಹಾಡು ಇಲ್ಲಿ ಬಡಿತೈತೆ. ಇದು ನನ್ನ ಪದ್ಧತಿ.

ತಿರುಗ್ತು. ...ಊಂ. ...ಏನೂ ಇಲ್ಲ.

ಯಾಕ ಹಂಗೆ ಮುಂದಕ್ಕೆ ಬಾಗ್ದಿ? ಮುಖ ಯಾಕ ಅರಳ್ತು? ಕಣ್ಣಾಗೆ ನೀರು ಬೇರೆ. ಇನ್ನೂ ಏನೂ ಬಂದಿಲ್ಲವ್ವ, ಬೆರಳಿಗೆ ಒಂದು ಮಿಡಿತ ಇಲ್ಲ. ಅದು ಬರೀ ಗಾಳಿ. ಹೊಸಬರಿಗೆ ಗಾಳಿನೇ ಹಾಡು ಅನಿಸ್ತೈತೆ. ಮೊಬೈಲ್ ಈಗ್ಲೇ ಯಾಕ ಹಿಡ್ದಿ? ಕೆಳಗಿಡು. ಗಾಳಿ ತುಂಬ್ಕಂಡು ಹೋಗಿ ಅಜ್ಜಿಗೆ ಕೇಳಸ್ತೀಯಾ? ನಾ ಹೇಳ್ದಾಗ ಒತ್ತು.

ನಿಲ್ಲಿಸ್ತೀನಿ. ಈ ತಲೆ ಸತ್ತೈತೆ. ಇದ್ರ ಕೈಲಿ ಆಗಲ್ಲ.

ಕೈ ಬಿಡವ್ವ. ಕೈ ಹಿಡಿದ್ರೆ ಸ್ಕ್ರೂ ಹೆಂಗೆ ತಿರುಗಿಸ್ಲಿ? ನೋಡು, ನಾನು ತಲೆ ಬಗ್ಗಿಸಿ ಕೆಲ್ಸ ಮಾಡೋವಾಗ ಯಾರೂ ಮಾತಾಡಬಾರ್ದು. ಏನು ಹೇಳೋದಿದ್ರೂ ಆಮ್ಯಾಲೆ. ಭಾರದ ತಲೆ ಕೂರ್ತು. ಮತ್ತೆ ಮೊದ್ಲಿಂದ ಇಡ್ತೀನಿ.

ಆಹಾ. ಬಂತು ನೋಡು! ಬೆರಳಿಗೆ ಬಂತು, ಝುಂ ಅಂತೈತೆ. ಕೊಟ್ರವ್ವ ಬಂದ್ಲು ತಾಯಿ, ನಿಮ್ಮ ಕೊಟ್ರವ್ವ ಬಂದ್ಲು. ಈಗ ಒತ್ತು ಮೊಬೈಲು. ಮುಟ್ಟಬ್ಯಾಡ! ಪೆಟ್ಟಿಗೆ ಮುಟ್ಟಬ್ಯಾಡ, ದೂರ ಸರಿ. ಏನು ಹುಡುಗಿ ನೀನು, ಅಷ್ಟು ಜೋರಾಗಿ ತೋಳು ಜಗ್ಗಿದ್ರೆ ಸೂಜಿ ಹಾರಲ್ವಾ? ಸಂತೋಷ ಆಗ್ತೈತೆ, ನಂಗೂ ಆಗೈತೆ. ಸುಮ್ನೆ ನಿಂತು ಕೇಳು. ಬೂಷ್ಟು ನೋಡು ಹೆಂಗೆ ಕಿತ್ಕಂಡು ಬರ್ತೈತೆ, ಸುರುಳಿ ಸುರುಳಿ. ಲೇತ್ ಮ್ಯಾಲೆ ಕಬ್ಬಿಣದ ಸಿಪ್ಪೆ ಏಳ್ತೈತಲ್ಲ, ಥೇಟ್ ಹಂಗೇ. ಕೈ ಕುದುರಿದ ದಿನ ನಾನು ಎದ್ದ ಸಿಪ್ಪೆ ಕಡಿಯದಂಗೆ ತೆಗೀತಿದ್ದೆ...

ಮುಗೀತು.

ಕೇಳ್ತಾ? ಎಂಥಾ ಕಂಠ! ನಡುವೆ ಒಂದು ಕಡೆ ಎತ್ತರಕ್ಕೆ ಹೋದ್ಲು ನೋಡು, ಅಲ್ಲಿ ನಂಗೂ ಎದೆ ತುಂಬಿಬಂತು. ಅಳು, ಅಳು. ಈ ಮನೆನಾಗೆ ಎಲ್ಲಾರೂ ಅಳ್ತಾರೆ. ಅದೇ ನಂಗೆ ಸಂಭಾವನೆ. ಮೊಬೈಲಿಗೆ ಬಂತು ತಾನೆ?

ಬಂತಾ ಅಂದೆ.

ಯಾಕ ಬಾಯಿಗೆ ಕೈ ಹಿಡ್ಕಂಡಿ? ಹೇಳವ್ವ. ಇಲ್ಲ ಅಂತ ತಲೆ ಆಡಿಸ್ತಿಯಲ್ಲ, ಯಾವುದು ಇಲ್ಲ? ಒತ್ತೋದು ಮರೆತ್ಯಾ? ಹೋಗ್ಲಿ, ಎರಡನೇ ಸಲ ನೋಡಾಣ. ಉಳಿದಿದ್ರೆ ಉಳಿದೀತು. ಎಲ್ಲಿ, ಬೆಳಕಿಗೆ ಹಿಡಿತೀನಿ...

ನುಣ್ಣಗೈತೆ.

ಗೆರೆ ಇಲ್ಲ. ಇಷ್ಟು ಹೊತ್ತು ಇದ್ವಲ್ಲ. ಇದು ಬೂಷ್ಟಲ್ಲ ಕೆಳಗೆ ಬಿದ್ದಿರಾದು. ಮೇಣ. ...ತಿಕ್ಕಿ ನುಣುಪು ಮಾಡಿದಂಗೈತೆ. ಹಿಂಗಾಗೋವಾಗ ಸದ್ದು ಬರಬೇಕಿತ್ತಲ್ಲ. ಕರ್ ಅಂತ ಕಿರುಚಬೇಕಿತ್ತು. ಕಿರುಚ್ತಾ? ನೀನೂ ಕೂಗಿದ್ಯಾ? ತೋಳು ಜಗ್ಗಿದ್ದು... ನಾನು ತಲೆ ಬಗ್ಗಿಸಿದ್ದೆ.

ನೇತ್ರಾವತಿ, ಒಂದು ಮಾತು. ಮೊದ್ಲು ಹಗುರ ತಲೆ ಇಟ್ಟಾಗ ನಿನ್ನ ಮುಖ ಅರಳ್ತು. ಆಗ ಬಂದಿದ್ದು ಗಾಳಿ ತಾನೆ? ಗಾಳಿನೇ ತಾನೆ? ಹೂಂ ಅನ್ನು ಸಾಕು.

ಬೈಯಿ. ಬೈದ್ರೂ ಪರವಾಗಿಲ್ಲ, ಏನಾದ್ರೂ ಅನ್ನು. ಬಾಯಿ ಮ್ಯಾಗಿನ ಕೈ ತಗಿ ಮೊದ್ಲು, ಕೈ ತಗಿ, ನೀ ಏನಂತಿ ಅಂತ ನಂಗೆ ಕಾಣ...

ಮೊಬೈಲ್ ನಂಗ್ಯಾಕ ಕೊಡ್ತಿ? ಯಾರದು? ಹೆಸ್ರು ಐತೆ ಮ್ಯಾಲೆ. ಅಜ್ಜಿ. ಆಗ್ಲೇ ಎತ್ತಿಬಿಟ್ಟೀಯಾ? ನೀನೇ ಮಾತಾಡು ತಾಯಿ. ಹಾಡು ಸಿಕ್ತಾ ಅಂತ ಕೇಳ್ತಿರಬೇಕು ಅವ್ರು, ನೀನೇ ಹೇಳು. ನಾನು ಫೋನಿನಾಗೆ ಮಾತಾಡಲ್ಲ. ಬಕ್ಕೇಶಂದೂ ಎತ್ತಲ್ಲ ಅಂದ್ನಲ್ಲ...

ಕೊಡು.

ಹಲೋ. ಉಚ್ಚೆಂಗೆಮ್ಮಜ್ಜಿ, ನಾನು ಹರಿಹರದ ಕೆಂಚವೀರಪ್ಪ. ನಿಮ್ಮವ್ವ ಹಾಡಿದ್ರು ಅಜ್ಜಿ. ಮೇಣ ಪೂರಾ ಜೋಪಾನ ಮಾಡಿತ್ತು. ನಿಮ್ಮ ಮೊಮ್ಮಗಳು ಕೇಳ್ಯಾಳೆ, ಒಂದು ಚೂರು. ನಂಗೆ ಕೇಳ್ಸಲಿಲ್ಲ. ನಂಗೆ ಏನೂ ಕೇಳ್ಸಲ್ಲ ಅಜ್ಜಿ, ಬಾಳ ದಿನ ಆತು, ಯಾರಿಗೂ ಹೇಳಿಲ್ಲ. ನಂಗೆ ಕೇಳ್ಸಲಿಲ್ಲ ಅಂತ ನಿಮ್ಮವ್ವ ಹಾಡೋದನ್ನ ನಿಲ್ಲಿಸಿಬಿಟ್ಟೆ.

...

ತಗ ನೇತ್ರಾವತಿ, ಕಿವಿಗೆ ಹಿಡಿ. ಈ ಕಡೆ ತಿರುಗು, ನನ್ನ ಕಡೆ. ಏನಂದ್ರು ಅಜ್ಜಿ? ನಿಧಾನ ಹೇಳು. ಏನಂದ್ರು?