ವಾದಿಮ್ ಸವೆಲ್ಯೆವಿಚ್ ಕಳಿಸಿದ ರೊಟ್ಟಿ

ಹಲೋ... ಹಲೋ, ಯಾರು ಮಾತಾಡ್ತಿರೋದು?

... ಗ್ಲೆಬ್? ಯಾವ ಗ್ಲೆಬ್ ಅಪ್ಪಾ? ನಮ್ಮ ದೋಲಿನಾದಲ್ಲಿ ಆ ಹೆಸರಿನವರು ಯಾರೂ ಇಲ್ವಲ್ಲ. ಸ್ವಲ್ಪ ಗಟ್ಟಿಯಾಗಿ ಮಾತಾಡು, ಕಿವಿ ಮುಚ್ಚೋ ಹಾಗೆ ಶಾಲು ಸುತ್ಕೊಂಡಿದೀನಿ.

... ಹಾಂ, ಕೀವ್‌ನಿಂದ. ವಾದಿಮ್ ಸವೆಲ್ಯೆವಿಚ್ ಅವರ ಆಫೀಸಿಂದ. ಈಗ ಗೊತ್ತಾಯ್ತು ಬಿಡು. ನಿನ್ನೆ ಆ ಉದ್ದನೆ ಕರೀ ಕಾರಲ್ಲಿ ರೊಟ್ಟಿ ಕಳಿಸಿದ್ರಲ್ಲ, ಅವರೇ ಅಲ್ವಾ? ಕಾರು ನೋಡೋಕೆ ನಮ್ಮ ಕಟ್ಟಡದವರೆಲ್ಲ ಕೆಳಗಿಳಿದಿದ್ರು. ನಿಮ್ಮ ಡ್ರೈವರು ಇಂಜಿನ್ ಆಫ್ ಮಾಡಿರಲಿಲ್ಲ. ಬಾನೆಟ್ ಮೇಲೆ ಕೈ ಇಟ್ಟು ಎಲ್ಲರೂ ಕಾಯಿಸ್ಕೊಂಡ್ರು ಪಾಪ.

... ಹೌದು, ನಾನೇ ಸ್ತೆಫಾನಿಯಾ ಯೋಸಿಪಿವ್ನಾ. ಜೆನೋವಿಯ ಅಮ್ಮ. ಅವನು ಇಲ್ಲಿಲ್ಲಪ್ಪ. ಕ್ರಿಸ್ಮಸ್ಸಿಗೆ ಬಂದಿದ್ದ, ನನ್ನ ಗೋಧಿ ಕುತ್ಯಾ ಪಾಯಸ ಪೂರ್ತಿ ಖಾಲಿ ಮಾಡಿ ಮೊನ್ನೆನೇ ಕೀವ್‌ಗೆ ವಾಪಸ್ ಹೋದ. ನಿಮ್ಮ ಕಾರು ಒಂದು ದಿನ ತಡ.

... ಫೋನ್ ಎತ್ತಲ್ವಂತಾ? ನನ್ನದೂ ಒಂದೊಂದ್ಸಲ ಎತ್ತಲ್ಲ. ತನಿಖೆ ಕಚೇರಿ ಕೆಲಸ ನೋಡು. ಮಂಗಳವಾರ ಒಂದು ವರದಿಗೆ ಸಹಿ ಹಾಕ್ಬೇಕಂತೆ, ತಲೆ ಕೆಟ್ಟುಹೋಗಿದೆ ಅವನಿಗೆ. ಯಾವ ವರದಿ ಅಂತ ನಿನಗೆ ನಾನು ಹೇಳ್ಬೇಕಾ? ನಿಮ್ಮ ಗ್ಯಾಸ್ ಕಂಪನಿ ಮೇಲಿನದೇ ಅಲ್ವಾ?

... ಏನು, ಅವರೇ ಮಾತಾಡ್ತಾರಾ? ಖುದ್ದಾಗಿ? ಕೊಡು, ಕೊಡು. ತಡಿ, ಸ್ಟೂಲ್ ಎಳ್ಕೋತೀನಿ. ದೊಡ್ಡವರ ಜೊತೆ ನಿಂತ್ಕೊಂಡು ಮಾತಾಡಿದ್ರೆ ನನಗೆ ಮಂಡಿ ನೋವು.

... ನಮಸ್ಕಾರ ವಾದಿಮ್ ಸವೆಲ್ಯೆವಿಚ್. ಕ್ರಿಸ್ತ ಹುಟ್ಟಿದ... ಅದಕ್ಕೆ 'ಅವನನ್ನ ಕೊಂಡಾಡಿ' ಅನ್ಬೇಕು ಸ್ವಾಮಿ. ಇರಲಿ, ಕೀವ್‌ನಲ್ಲಿ ಹೇಗೋ ಏನೋ. ಮೊದಲು ಮಗು ವಿಷಯ ಹೇಳಿ. ತಾಯಿ, ಮಗು ಚೆನ್ನಾಗಿದಾರಾ?

... ಹೆಣ್ಣಾ? ಒಳ್ಳೇದಾಯ್ತು. ಮನೆ ಬೆಚ್ಚಗಿದೆಯಾ?... ಇದ್ದೇ ಇರುತ್ತೆ, ನಾನೊಬ್ಬಳು ಕೇಳ್ತೀನಿ.

... ಇಲ್ಲಿ ಏನು ಹೇಳ್ಲಿ. ಗ್ಯಾಸು ನಿಂತು ಹೀಟರ್ ಇಲ್ಲ, ಮನೆಯೊಳಗೆ ಕುರಿ ತೊಗಲಿನ ಕೋಟು ಹಾಕ್ಕೊಂಡೇ ಮಾತಾಡ್ತಿದೀನಿ. ಮಜಾ ಏನು ಗೊತ್ತಾ, ನನ್ನ ಅಡುಗೆಮನೆ ಕಿಟಕಿಯಿಂದ ದೊಡ್ಡ ಪೈಪು ಹೋಗೋ ಜಾಗ ಕಾಣುತ್ತೆ. ಬೆಟ್ಟದ ಕಾಡಿಗೆ ಬೈತಲೆ ತೆಗೆದ ಹಾಗೆ ಕಡಿದಿದಾರೆ. ಯುರೋಪಿಗೆಲ್ಲ ಗ್ಯಾಸು ಹೋಗೋದು ಅದರಲ್ಲೇ. ಈ ವಾರ ಅದೂ ಖಾಲಿ. ಟೀವಿ ಹಾಕಿದ್ರೆ ಮಾಸ್ಕೋದವರು ನಮ್ಮನ್ನ ಕಳ್ಳರು ಅಂತಾರೆ, ಕೀವ್‌ನವರು ಅವರನ್ನ ದರೋಡೆಕೋರರು ಅಂತಾರೆ. ಇಬ್ಬರ ಹಿಂದೇನೂ ಹೀಟರ್ ಉರೀತಾ ಇರುತ್ತೆ.

... ಹಾಂ, ಹಾಂ, ವಿಷಯಕ್ಕೆ ಬನ್ನಿ. ಜೆನೋವಿ ನಿಮ್ಮ ಮಗಳನ್ನ ಜ್ಞಾನಸ್ನಾನಕ್ಕೆ ಎತ್ಕೋಬೇಕು, ಅದಕ್ಕೆ ಜ್ಞಾನತಂದೆಯಾಗಿ ನಿಮಗೆ ಕುಮ್ ಅನ್ನೋ ನೆಂಟನಾಗ್ಬೇಕು. ಅದಕ್ಕೇ ರೊಟ್ಟಿ. ಗೊತ್ತಾಗದೆ ಏನು, ನಮ್ಮಲ್ಲಿ ಕುಮ್ ಆಗಿ ಅಂತ ಕರೆಯೋದೇ ರೊಟ್ಟಿ ಕೊಟ್ಟು. ಗೌರವದ ಮಾತು, ಇಲ್ಲ ಅನ್ನಲ್ಲ. ಆದ್ರೆ ನನ್ನ ಮಗ ನಿಮ್ಮನ್ನ ನೋಡಿರೋದು ಒಂದೇ ಸಲ ಅಲ್ವಾ? ಪ್ರಶ್ನೆ ಕೇಳೋಕೆ ಕಚೇರಿಗೆ ಕರೆಸಿದಾಗ. ಅಷ್ಟರಲ್ಲೇ ಇಷ್ಟೊಂದು ಹಿಡಿಸಿಬಿಟ್ನಾ?

... ನಗಿ, ನಗಿ. ನಾನೂ ನಗ್ತಿದೀನಿ, ಚಳಿಗೆ ಹಲ್ಲು ಕಟಕಟ ಅನ್ನೋದ್ರಿಂದ ಕೇಳಿಸ್ತಿಲ್ಲ ಅಷ್ಟೆ.

... ಅಲ್ಲ ಸ್ವಾಮಿ, ನೀವು ಎಷ್ಟು ಚೆನ್ನಾಗಿ ಕಟ್ಟಿಹಾಕ್ತೀರಿ ಅಂತ ನೋಡ್ತಿದೀನಿ. ಒಡಹುಟ್ಟಿದವರಾದ್ರೂ ಕೋರ್ಟಿಗೆ ಹೋಗ್ಬಹುದು, ಕುಮ್ ಆದವರು ಒಬ್ಬರ ಮೇಲೊಬ್ಬರು ಹೋಗೋ ಹಾಗಿಲ್ಲ. ಆಗಲ್ಲ ಅನ್ನೋಣ ಅಂದ್ರೆ, ಮಗು ಹೆಸರಲ್ಲಿ ಕರೆದ್ರೆ ಬೇಡ ಅನ್ನೋ ಹಾಗೂ ಇಲ್ಲ, ಕೇಡು ಮಗುವಿಗೆ ತಟ್ಟುತ್ತೆ. ಎರಡೂ ಬಾಗಿಲು ಹಾಕಿದೀರಿ. ಜೆನೋವಿಗಿಂತ ಮುಂಚೆ ಆ ಕುರ್ಚೀಲಿ ಇದ್ದವರೂ ನಿಮ್ಮ ಕುಮ್ ಅಂತೆ, ಹೌದಾ? ನಿಮ್ಮ ದೊಡ್ಡ ಮಗನ ಕಡೆಯಿಂದ. ಆಗಿನ ವರದಿ ಏನಾಯ್ತು?

... ನೆನಪಿಲ್ಲ. ಸರಿ. ಅವರಿಗೂ ನೆನಪಿಲ್ವಂತೆ, ಸಮುದ್ರದ ದಂಡೇಲಿ ಮನೆ ಕಟ್ಟಿಸ್ಕೊಂಡು ಆರಾಮಾಗಿದಾರಂತೆ.

... ಇಲ್ಲ ಇಲ್ಲ, ಜೆನೋವಿ ನನಗೆ ಕಚೇರಿ ಮಾತು ಹೇಳಲ್ಲ. ಇದೆಲ್ಲ ಮಾರ್ಕೆಟ್ಟಲ್ಲಿ ಮೂಲಂಗಿ ಜೊತೆ ಪುಕ್ಕಟೆ ಸಿಗುತ್ತೆ. ಮಾಸ್ಕೋ ಕಡೆಯ ಗ್ಯಾಸ್ ಸಾಹೇಬರು ನಿಮ್ಮ ಮದುವೇಲಿ ಸಾಕ್ಷಿ ನಿಂತವರು. ಈ ಕಡೆಯ ಮಂತ್ರಿಗಳು ನಿಮ್ಮ ಎರಡನೇ ಮಗುವಿನ ಕುಮ್. ಟೀವೀಲಿ ಒಬ್ಬರ ಮುಖ ಒಬ್ಬರು ನೋಡಲ್ಲ, ನಿಮ್ಮನೆ ಔತಣದಲ್ಲಿ ಒಂದೇ ತಟ್ಟೆಗೆ ಕೈ ಹಾಕಿ ಉಪ್ಪುಮೀನು ತಿಂತಾರೆ. ಸುಳ್ಳಾದ್ರೆ ಸುಳ್ಳು ಅನ್ನಿ.

... ಅದು ಬರೀ ಊಟ ಅಂತೀರಾ? ಒಳ್ಳೇದು. ಹಾಗಾದ್ರೆ ಒಂದು ಕೇಳ್ತೀನಿ, ಹಳ್ಳಿ ಹೆಂಗಸಿನ ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಗ್ಯಾಸು ಅವರದು. ಪೈಪು ನಮ್ಮದು. ನಿಮ್ಮದೇನು?

... ಸಂಯೋಜನೆ. ಹಾಂ. ಅಂದ್ರೇನು?... ನೋಡಿ, ನಮ್ಮ ಹಾಲಿನವಳು ಬಾಗಿಲಿಗೆ ಬರ್ತಾಳೆ, ನಾನು ಪಾತ್ರೆ ಹಿಡೀತೀನಿ, ಹಾಲು ಹಾಕ್ತಾಳೆ. ಮಧ್ಯೆ ಮೆಟ್ಟಿಲ ಮೇಲೆ ಒಬ್ಬ ನಿಂತು ಅವಳಿಂದ ಕೊಂಡು ನನಗೆ ಮಾರ್ತಾನೆ ಅನ್ಕೊಳ್ಳಿ. ಅವನ ಹತ್ರ ಹಸುನೂ ಇಲ್ಲ, ಪಾತ್ರೆನೂ ಇಲ್ಲ. ಮೆಟ್ಟಿಲೂ ಅವನದಲ್ಲ. ಕೇಳಿದ್ರೆ, ನನ್ನ ಕಂಪನಿ ಆಲ್ಪ್ಸ್ ಬೆಟ್ಟದ ಕೆಳಗೆ ಯಾವುದೋ ಊರಲ್ಲಿ ಹಲ್ಲು ಡಾಕ್ಟರ ಮನೆ ಮಾಳಿಗೇಲಿ ಇದೆ ಅಂತಾನೆ. ನಮ್ಮ ಹಾಲಿನವಳಾಗಿದ್ರೆ ಕ್ಯಾನ್ ತಗೊಂಡು ತಲೆ ಮೇಲೆ ಬಿಡ್ತಿದ್ಲು. ಮಂತ್ರಿಗಳಾದ್ರೆ ಅವನ ಮಗುವನ್ನ ಎತ್ಕೋತಾರೆ.

... ಏನಂದ್ರಿ? ಇನ್ನೊಂದ್ಸಲ ಹೇಳಿ.

... ಭಾನುವಾರದೊಳಗೆ ದೋಲಿನಾಗೆ ಗ್ಯಾಸು ಬರುತ್ತೆ. ಹೆರಿಗೆ ಆಸ್ಪತ್ರೆಗೂ? ಶಾಲೆಗೂ? ನಮ್ಮ ಕಟ್ಟಡಕ್ಕೂ?... ಜೆನೋವಿ ಹೂಂ ಅಂದ್ರೆ.

... ಇದೀನಿ, ಇದೀನಿ. ಲೈನಲ್ಲೇ ಇದೀನಿ. ಗೋಡೆಗೆ ಕಿವಿ ಇಟ್ಟಿದ್ದೆ, ಅಷ್ಟೆ.

... ಸುಳ್ಳು ಯಾಕೆ ಹೇಳ್ಲಿ, ಆಸೆ ಆಯ್ತು. ಪಕ್ಕದ ಮನೆ ಓರಿಸ್ಯಾ ಕೂಸಿಗೆ ಕೆಮ್ಮು. ಗೋಡೆ ದಾಟಿ ನನಗೆ ಕೇಳಿಸುತ್ತೆ. ಈಗ ನಾನು ಸರಿ ಅಂದುಬಿಟ್ರೆ ಅದು ಭಾನುವಾರ ಬೆಚ್ಚಗೆ ಮಲಗುತ್ತೆ. ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿದ್ರಿ ವಾದಿಮ್ ಸವೆಲ್ಯೆವಿಚ್. ಅಷ್ಟು ದೊಡ್ಡ ಕಾರು ಸುಮ್ಮನೆ ಬಂದಿಲ್ಲ ನಿಮಗೆ.

... ಆದ್ರೆ ತಡೀರಿ. ವಾಲ್ವು ಮಾಸ್ಕೋದಲ್ಲಿದೆ ಅಂತ ಇವರು, ಕೀವ್‌ನಲ್ಲಿದೆ ಅಂತ ಅವರು, ಹಬ್ಬದಿಂದ ಕಿತ್ತಾಡ್ತಿದಾರೆ. ನೀವು ಕೂತಲ್ಲಿಂದಲೇ ಭಾನುವಾರ ಬಿಡಿಸ್ತೀನಿ ಅಂತೀರಿ. ಹಾಗಾದ್ರೆ ಹೋದ ಭಾನುವಾರನೇ ಬಿಡಿಸಬಹುದಿತ್ತಲ್ಲ? ಆ ಕೂಸು ಇಷ್ಟು ದಿನ ಕೆಮ್ಮಿದ್ದು ನನ್ನ ಮಗನ ಒಂದು ಸಹಿ ತಡೆಯೋಕೆ ಅಂತಾಯ್ತು, ಅಲ್ವಾ? ಬರೋ ಚಳಿಗಾಲಕ್ಕೆ ಯಾರ ಮನೆಗೆ ರೊಟ್ಟಿ ಕಳಿಸ್ತೀರಿ?

... ಕೂಗಬೇಡಿ, ನಿಮ್ಮ ಮಗು ಎದ್ದುಬಿಡುತ್ತೆ.

... ಏನು? ಕೀವ್‌ನಲ್ಲಿ ಈಗ ರಸ್ತೆ ತುಂಬ ಜಾರುತ್ತೆ, ಜೆನೋವಿ ನಡ್ಕೊಂಡು ಆಫೀಸಿಗೆ ಹೋಗ್ತಾನೆ ಅಂತ ಕೇಳಿದೀನಿ ಅಂದ್ರಿ. ಜ್ಞಾನಸ್ನಾನಕ್ಕೆ ಕರೆಯೋ ಬಾಯಲ್ಲಿ ಇಂಥ ಮಾತು ಯಾರಾದ್ರೂ ಆಡ್ತಾರಾ? ನನಗೆ ಹೆದರಿಕೆ ಆಯ್ತು. ಮುಚ್ಚಿಡಲ್ಲ. ನನಗಿರೋದು ಅವನೊಬ್ಬನೇ.

... ರೊಟ್ಟಿನಾ? ಅದನ್ನೇ ಹೇಳೋಕೆ ಬಂದೆ, ನೀವು ರಸ್ತೆ ಕಡೆ ಹೋದ್ರಿ. ನಿನ್ನೆ ಅದು ಬಂದ ತಕ್ಷಣ ಜೆನೋವಿಗೆ ಫೋನ್ ಮಾಡ್ದೆ. 'ಅಮ್ಮಾ, ಅದನ್ನ ನಾನು ಒಪ್ಕೊಂಡ್ರೆ ಸಹಿ ಹಾಕೋ ಹಾಗಿಲ್ಲ, ವಾಪಸ್ ಕಳಿಸಿದ್ರೆ ಹಸುಗೂಸಿಗೆ ಕೇಡು ಬಗೆದ ಹಾಗೆ, ಏನ್ಮಾಡ್ಲಿ' ಅಂದ. ಎಷ್ಟು ಓದಿದ್ರೂ ನಾನು ಬೆಳೆಸಿದ ಮಗ, ಇದನ್ನೆಲ್ಲ ನಂಬ್ತಾನೆ. ನಂಬ್ತಾನೆ ಅಂತಲೇ ನೀವು ಕಳಿಸಿದ್ದು. ಮೇಜಿನ ಮೇಲೆ ರೊಟ್ಟಿ ಇಟ್ಕೊಂಡು ಅದರ ಎದುರಿಗೆ ಕೂತೆ. ಹಿಟ್ಟನ್ನ ಜಡೆ ಥರ ಎಷ್ಟು ಚೆಂದ ಹೆಣೆದಿದ್ರು ಮಾರಾಯರೇ, ಮೇಲೆ ಹಿಟ್ಟಿನ ಹಕ್ಕಿ ಬೇರೆ. ಕೂತು ಕೂತು ಏನೋ ಹೊಳೀತು. ಚಾಕು ತಗೊಂಡು ಕೊಯ್ದೆ.

... ಹೂಂ, ಕೊಯ್ದೆ. ಉಪ್ಪು ಹಚ್ಕೊಂಡು ತಿಂದೆ. ಓರಿಸ್ಯಾನ ಕರೆದು ಅವಳಿಗೂ ಒಂದು ಹೋಳು ಕೊಟ್ಟೆ, ಸಾಕ್ಷಿ ಇರಲಿ ಅಂತ.

... ಖುಷಿ ಆಯ್ತಾ? ಪೂರ್ತಿ ಕೇಳಿ. ನಮ್ಮ ಬೆಟ್ಟದ ಕಡೆ ಬಾಗಿಲಲ್ಲಿ ಕೈಯೊಡ್ಡಿ ರೊಟ್ಟಿ ತಗೊಂಡು, ಕೊಯ್ದು ತಿಂದವರು ಯಾರೋ ಕುಮ್ ಅವರೇ. ಅದಕ್ಕೇ ಹೆತ್ತ ಅಪ್ಪನೇ ತರಬೇಕು, ಬೇಕಾದವರ ಕೈಗೇ ಕೊಡಬೇಕು. ನೀವು ಡ್ರೈವರ್ ಕೈಲಿ ಕಳಿಸಿದ್ರಿ. ಅವನಿಗೆ ಚಳಿ, 'ಕುಮ್ ಆಗೋಕೆ ಅಂತ ಸಾಹೇಬರು ಕಳಿಸಿದಾರೆ' ಅಂದ, ಕೈಗಿಟ್ಟ, ಓಡಿದ. ಯಾರು ಆಗೋಕೆ ಅಂತ ಹೇಳ್ಲೇ ಇಲ್ಲ. ಕೊಯ್ಯೋವಾಗ ನಾನು 'ಒಪ್ಪಿದೆ, ದೇವರು ಮೆಚ್ಚಲಿ' ಅಂದೆ. ಹಾಗಾಗಿ ನಿಮ್ಮ ಮಗಳಿಗೆ ಜ್ಞಾನತಾಯಿ ನಾನು.

... ತಮಾಷೆ ಅಲ್ಲ. ಕೂಸಿಗೆ ಹೊದೆಸೋ ಬಿಳೀ ಬಟ್ಟೆ ಕೂಡ ಪೆಟ್ಟಿಗೆಯಿಂದ ತೆಗೆದಿಟ್ಟಿದೀನಿ. ನಾನೇ ಕಸೂತಿ ಹಾಕಿದ್ದು. ಮೊಮ್ಮಗುವಿಗೆ ಅಂತ ಇಟ್ಟಿದ್ದೆ, ಜೆನೋವಿ ಇನ್ನೂ ಮದುವೆನೇ ಆಗಿಲ್ಲ.

... ಅವನಿಗೆ ಇನ್ನೊಂದು ರೊಟ್ಟಿ ಕಳಿಸ್ತೀರಾ? ಆಗಲ್ಲ. ಒಂದೇ ಮಗುವಿಗೆ ತಾಯಿ, ಮಗ ಇಬ್ಬರೂ ನಿಲ್ಲೋ ಹಾಗಿಲ್ಲ. ಫಾದರ್ ಮೆಥೋದಿನ ಬೆಳಿಗ್ಗೇನೇ ಕೇಳ್ಕೊಂಡು ಬಂದೆ.

... ಹಾಗಾದ್ರೆ ನನ್ನನ್ನ ಬೇಡ ಅನ್ನಿ. ಅಂದ್ಬಿಡಿ. ರೊಟ್ಟಿ ತಿಂದವಳನ್ನ ಬೇಡ ಅಂದ್ರೆ ಏನಾಗುತ್ತೆ ಅಂತ ಮೊದಲು ನಿಮ್ಮ ಹೆಂಡತಿನ ಕೇಳಿ. ಅವರು ಕೊಲೊಮಿಯಾದವರಂತಲ್ಲ, ನಮ್ಮ ಕಡೆಯವರೇ. ಅಲ್ಲೇ ಇದಾರಾ? ಕೇಳಿ, ನಾನು ಕಾಯ್ತೀನಿ.

... ಹಾಂ. 'ಮಗುವಿಗೆ ಕೇಡು ತರ್ತೀರಾ' ಅಂದಿದ್ದು ಇಲ್ಲಿಗೂ ಕೇಳಿಸ್ತು. ಒಳ್ಳೇ ಗಂಟಲು ಅವರದು.

... ಹಾಗಾದ್ರೆ ಆಯ್ತು. ಇನ್ನು ನೀನು ನನಗೆ ಕುಮ್, ನಾನು ನಿನಗೆ ಕುಮಾ. ಈ ನೀವು, ತಾವು, ಸವೆಲ್ಯೆವಿಚ್ ಎಲ್ಲ ಸಾಕು. ನೋಡು ವಾದಿಮ್, ಇವತ್ತಿಂದ ನಾನು ನಿನ್ನ ಮೇಲೆ ಕೋರ್ಟಿಗೆ ಹೋಗೋ ಹಾಗಿಲ್ಲ. ಹೋಗಲ್ಲ, ಹೆದರಬೇಡ. ಆದ್ರೆ ಜೆನೋವಿಗೆ ನೀನು ಏನೂ ಆಗ್ಬೇಕಾಗಿಲ್ಲ. ಮಂಗಳವಾರ ಅವನು ಸಹಿ ಹಾಕ್ತಾನೆ. ಅವನು ಆ ರಸ್ತೇಲಿ ಜಾರಿ ಬಿದ್ದ ಅಂತ ಏನಾದ್ರೂ ನನ್ನ ಕಿವಿಗೆ ಬಿದ್ರೆ, ಕುಮ್ ಆದವನು ಕುಮಾನ ಮನೆ ಮೇಲೆ ಕೈ ಮಾಡಿದ ಅಂತ ನಿನ್ನ ಹೆಂಡತಿಗೇ ಮೊದಲು ಫೋನ್ ಮಾಡೋದು ನಾನು. ಆಮೇಲೆ ನಿನ್ನ ಮಗಳ ಹತ್ರ ಅವಳು ನಿನ್ನನ್ನ ಬಿಡ್ತಾಳಾ, ನೀನೇ ಯೋಚನೆ ಮಾಡು.

... ಭಾನುವಾರದ ಗ್ಯಾಸಾ? ನಿನ್ನಿಷ್ಟಪ್ಪ. ಬಿಡಿಸೋ ಮನಸ್ಸಿದ್ರೆ ಎಲ್ಲ ಊರಿಗೂ ಬಿಡಿಸು. ಇಲ್ಲಾಂದ್ರೆ ಓರಿಸ್ಯಾನ, ಅವಳ ಕೂಸನ್ನ ನನ್ನ ಹಾಸಿಗೇಲಿ ಮಲಗಿಸ್ಕೋತೀನಿ. ಮೂರು ಜನ ಒಂದೇ ರಜಾಯಿ ಹೊದ್ರೆ ಸಾಕಷ್ಟು ಬೆಚ್ಚಗಾಗುತ್ತೆ. ಕಷ್ಟನೇ, ಆದ್ರೆ ಆಗುತ್ತೆ.

... ಬರದೆ ಏನು, ಬರ್ತೀನಿ. ಕೀವ್ ಆದ್ರೂ ಸರಿ, ರೈಲಲ್ಲಿ ಬರ್ತೀನಿ. ನಿಜವಾಗ್ಲೂ ಹೇಳ್ತೀನಿ ವಾದಿಮ್, ನನಗೆ ಸಂತೋಷ ಆಗಿದೆ. ಆ ಕೂಸು ಏನು ಮಾಡಿದೆ ಪಾಪ, ನೀನು ಹುಟ್ಟಿಸಿದ ತಕ್ಷಣ ಕೆಲಸಕ್ಕೆ ಹಚ್ಚಿದೀಯ. ನಾನಿರೋವರೆಗೂ ಅದನ್ನ ನೋಡ್ಕೋತೀನಿ. ಬಟ್ಟೆ ಅಳತೆಗೆ ಅದು ಎಷ್ಟು ಉದ್ದ ಇದೆ ಅಂತ ಹೆಂಡತಿ ಹತ್ರ ಹೇಳಿಸು.

... ನೀನೇನು ಮಾಡ್ಬೇಕು ಅಂದ್ರೆ? ಏನೂ ಇಲ್ಲ. ಅಪ್ಪ ಸುಮ್ಮನೆ ನಿಂತಿರ್ಬೇಕು. ಎಲ್ಲ ಉತ್ತರ ಕೊಡೋಳು ನಾನು, ಕೂಸಿಗೆ ಮಾತು ಬರಲ್ಲವಲ್ಲ. ಅದನ್ನ ಎತ್ಕೊಂಡು ಪಶ್ಚಿಮಕ್ಕೆ, ಸೈತಾನನ ದಿಕ್ಕಿಗೆ, ತಿರುಗಿ ನಿಲ್ತೀನಿ. ಸೈತಾನನನ್ನ, ಅವನ ಕೆಲಸಗಳನ್ನ, ಅವನ ಜಂಬವನ್ನ ಬಿಟ್ಯಾ ಅಂತ ಫಾದರ್ ಮೂರು ಸಲ ಕೇಳ್ತಾರೆ. ಮೂರು ಸಲನೂ ಬಿಟ್ಟೆ ಅಂತೀನಿ, ಇಡೀ ಚರ್ಚಿಗೆ ಕೇಳೋ ಹಾಗೆ. ಆಮೇಲೆ ಆ ಕಡೆಗೆ ಉಗೀಬೇಕು. ಅದು ಪದ್ಧತಿ, ಬಿಡೋ ಹಾಗಿಲ್ಲ. ನೀನು ಎಲ್ಲಿ ನಿಂತಿರ್ತೀಯ ಅಂತ ಈಗಲೇ ಯೋಚನೆ ಮಾಡಿಟ್ಕೋ ವಾದಿಮ್, ನನ್ನ ಎದುರಿಗೆ ಮಾತ್ರ... ಹಲೋ? ವಾದಿಮ್? ಹಲೋ, ಕೇಳಿಸ್ತಿದ್ಯಾ? ನನ್ನ ಎದುರಿಗೆ...